ಮನುಷ್ಯರಿಲ್ಲದ ಭೂಮಿಯ ಬಗ್ಗೆ, ಗೆಳೆಯನಿಗೊಂದು ಪತ್ರ

ಪ್ರಿಯ ಗೆಳೆಯ,

ಮನುಷ್ಯಕುಲವೇ ಇಲ್ಲದಿದ್ದರೆ ಈ ಭೂಮಿ ಸುಖವಾಗಿರುತ್ತಿತ್ತು ಎಂದು ನೀನು ಬರೆದದ್ದನ್ನು ಓದಿದಾಗಿನಿಂದ ಆ ಮಾತು ನನ್ನನ್ನು ಬಿಟ್ಟಿಲ್ಲ. ನಿನ್ನ ಸಿಟ್ಟಿಗೆ ಕಾರಣವಿಲ್ಲವೆಂದು ನಾನು ಹೇಳಲಾರೆ. 1741ರಲ್ಲಿ ಉತ್ತರ ಪೆಸಿಫಿಕ್‌ನಲ್ಲಿ ನಾವಿಕರ ಕಣ್ಣಿಗೆ ಬಿದ್ದ ಸ್ಟೆಲ್ಲರ್ ಕಡಲಹಸು ಎಂಬ ದೈತ್ಯ ಕಡಲ ಸಸ್ತನಿ, ಮಾಂಸಕ್ಕಾಗಿ ನಡೆದ ಬೇಟೆಗೆ ಸಿಕ್ಕಿ 30 ವರ್ಷ ತುಂಬುವ ಮೊದಲೇ ನಿರ್ನಾಮವಾಯಿತು.

ನೀನು ಸಾಕ್ಷಿಗೆ ಕರೆದದ್ದು ಉಕ್ರೇನಿನ ಚೆರ್ನೋಬಿಲ್ ಅನ್ನು. 1986ರ ಅಣುಸ್ಥಾವರ ದುರಂತದ ನಂತರ ಜನರನ್ನು ತೆರವುಗೊಳಿಸಿದ ಆ ಪ್ರದೇಶದಲ್ಲಿ ಇಂದು ತೋಳ, ಕಾಡುಹಂದಿಗಳು ನೆಲೆಸಿರುವುದು ನಿಜ. ಆದರೆ ಅಲ್ಲೇ ಮೇಯುತ್ತಿರುವ ಪ್ರೆಜ್ವಾಲ್ಸ್ಕಿ ಎಂಬ ಕಾಡುಕುದುರೆಗಳನ್ನೂ ನೋಡು. 1960ರ ದಶಕದ ಕೊನೆಗೆ ಮಂಗೋಲಿಯಾದ ಬಯಲಿನಿಂದ ಕಣ್ಮರೆಯಾದ ಆ ತಳಿ ಮೃಗಾಲಯಗಳಲ್ಲಿ ಮಾತ್ರ ಉಳಿದಿತ್ತು. 1998ರಲ್ಲಿ ಅವುಗಳನ್ನು ತಂದು ಆ ನಿರ್ಜನ ನೆಲದಲ್ಲಿ ಬಿಟ್ಟವರು ಮನುಷ್ಯರೇ.

ಅಷ್ಟು ದೂರ ಹೋಗುವುದೇಕೆ, ನಮ್ಮ ಮದ್ದೂರು ತಾಲ್ಲೂಕಿನ ಕೊಕ್ಕರೆ ಬೆಳ್ಳೂರಿಗೇ ಬರೋಣ. ಹೆಜ್ಜಾರ್ಲೆಗಳೂ (ಪೆಲಿಕನ್) ಬಣ್ಣದ ಕೊಕ್ಕರೆಗಳೂ ಅಲ್ಲಿ ಕಾಡಿನಲ್ಲಿ ಗೂಡು ಕಟ್ಟುವುದಿಲ್ಲ. ಮನೆಗಳ ನಡುವಿನ, ಹಿತ್ತಲಿನ, ಬೀದಿ ಬದಿಯ ಹುಣಸೆ, ಅರಳಿ ಮರಗಳಲ್ಲಿ ಕಟ್ಟುತ್ತವೆ. ಪ್ಲೇಗಿನ ಹಾವಳಿಗೆ ಹೆದರಿ ಹಿರಿಯರು ಶಿಂಷಾ ನದಿಯ ದಂಡೆಯಿಂದ ಊರನ್ನು ಈಗಿನ ಜಾಗಕ್ಕೆ ಎತ್ತಿಕೊಂಡು ಬಂದಾಗ ಹಕ್ಕಿಗಳೂ ಅವರ ಹಿಂದೆಯೇ ಬಂದವು ಎಂದು ಊರಿನವರು ಹೇಳುತ್ತಾರೆ. ಈ ಹಕ್ಕಿಗಳನ್ನು ಅವರು ಬಾಣಂತನಕ್ಕೆ ತವರಿಗೆ ಬಂದ ಹೆಣ್ಣುಮಕ್ಕಳೆಂದೇ ಭಾವಿಸುತ್ತಾರೆ. ಗೂಡಿರುವ ಹುಣಸೆಮರದ ಕೆಳಗೆ ನಿಂತರೆ ಎಲೆಯೂ ಹೆಂಚೂ ಹಿಕ್ಕೆಯಿಂದ ಬೆಳ್ಳಗಾಗಿರುವುದು ಕಾಣುತ್ತದೆ, ಹಸಿ ಮೀನಿನ ವಾಸನೆ ಮೂಗಿಗೆ ಅಡರುತ್ತದೆ, ಮರಿಗಳ ಗದ್ದಲದಲ್ಲಿ ಪಕ್ಕದವರ ಮಾತು ಕೇಳುವುದೇ ಕಷ್ಟವಾಗುತ್ತದೆ. ಬಿದ್ದ ಹಿಕ್ಕೆಯನ್ನು ಗೊಬ್ಬರವಾಗಿ ಹೊಲಕ್ಕೆ ಹಾಕುವುದು ಅಲ್ಲಿನ ರೂಢಿ. ಗೂಡಿನಿಂದ ಜಾರಿ ಬಿದ್ದ ಮರಿಗಳನ್ನು ಊರಿನ ಯುವಕರ ಹೆಜ್ಜಾರ್ಲೆ ಬಳಗದವರು ಎತ್ತಿ ತಂದು, ಮೀನು ತಿನ್ನಿಸಿ, ರೆಕ್ಕೆ ಬಲಿತ ಮೇಲೆ ಹಾರಿಬಿಡುತ್ತಾ ಬಂದಿದ್ದಾರೆ.

ಮನುಷ್ಯರನ್ನು ಕಳೆದುಬಿಟ್ಟರೆ ಆ ಊರಿನ ಹೆಜ್ಜಾರ್ಲೆಗೆ ಏನು ಲಾಭ? ಯಾರೋ ನೆಟ್ಟ, ಯಾರೋ ಕಡಿಯದೆ ಉಳಿಸಿದ ಮರವೇ ಅದರ ಬದುಕಾಗಿರುವಾಗ, ನಾವಿಲ್ಲದ ಜಗತ್ತು ಅದಕ್ಕೆ ಮೇಲೆಂದು ನಾನು ಹೇಗೆ ಒಪ್ಪಲಿ? ಆದರೂ ನಿನ್ನ ಆತಂಕ ಅಲ್ಲಿಗೂ ತಲುಪಿದೆ. 2017-18ರ ಚಳಿಗಾಲದಲ್ಲಿ ಅಲ್ಲಿ ಹೆಜ್ಜಾರ್ಲೆಗಳು ಒಂದರ ಹಿಂದೊಂದು ಸತ್ತಾಗ ಅವುಗಳ ಒಡಲಲ್ಲಿ ಪರಾವಲಂಬಿ ಹುಳುಗಳು ಸಿಕ್ಕವು. ಮಲಿನಗೊಂಡ ಕೆರೆಗಳ ಮೀನಿನಿಂದ ಅವು ಬಂದಿರಬಹುದೆಂಬ ಶಂಕೆ ಎದ್ದಿತು. ಕೆರೆಗೆ ಕೊಳಚೆ ಬಿಟ್ಟವನೂ ಮನುಷ್ಯ, ಬಿದ್ದ ಮರಿಗೆ ಮೀನು ತಿನ್ನಿಸಿದವನೂ ಮನುಷ್ಯ. ನೀನು ಇಬ್ಬರಿಗೂ ಒಂದೇ ಶಿಕ್ಷೆ ಬರೆದಾಗ ಮೊದಲನೆಯವನ ಅಪರಾಧ ಇಡೀ ಕುಲದ ಮೇಲೆ ಹರಡಿ, ಅವನ ಪಾಲಿಗೆ ಹಗುರವಾಗಿಬಿಡುತ್ತದೆ ಎನ್ನುವುದೇ ನನ್ನ ತಕರಾರು.

ಗೂಡು ಕಟ್ಟಿದ ಹುಣಸೆಮರದ ಫಸಲು ಮನೆಯವರ ಕೈಗೆ ಸರಿಯಾಗಿ ಸಿಗುವುದಿಲ್ಲ. ಅದಕ್ಕಾಗಿ ಅರಣ್ಯ ಇಲಾಖೆ ಪರಿಹಾರ ಕೊಡುವ ವ್ಯವಸ್ಥೆಯಿದೆ. ಹುಣಸೆಯ ಬೆಲೆ ಏರಿದಂತೆ ಆ ಮೊತ್ತವೂ ಏರಬೇಕು, ಮರದ ವ್ಯಾಪಾರಿ ಬಾಗಿಲಿಗೆ ಬಂದಾಗ ಇಲ್ಲವೆನ್ನುವ ಶಕ್ತಿ ಆ ಮನೆಗೆ ಇರಬೇಕು ಎಂದು ನನಗೆ ಬಲವಾಗಿ ಅನ್ನಿಸುತ್ತದೆ. ಈ ಬಗ್ಗೆ ನಿನ್ನ ಅಭಿಪ್ರಾಯವೇನು? ವಿವರವಾಗಿ ಬರೆ.

ಇಂತಿ,
ನಿನ್ನ ಗೆಳೆಯ