ನಮ್ಮ ಪದ್ಮಿನಿಯ ಡಿಕ್ಕಿ ಉಳಿಸಿಕೊಟ್ಟವರಿಗೆಲ್ಲ

ಎಲ್ಲರಿಗೂ ನಮಸ್ಕಾರ. ನಮ್ಮ ಹಳೇ ಪದ್ಮಿನಿ ಕಾರಿನ ಡಿಕ್ಕಿಯ (ಹಿಂದಿನ ಸಾಮಾನು ಇಡೋ ಜಾಗದ) ತುಕ್ಕು ತೆಗೆಸೋ ಕೆಲಸ ಕೊನೆಗೂ ಮುಗೀತು, ಆರ್‌ಟಿಓದಲ್ಲಿ ಫಿಟ್‌ನೆಸ್ ಪಾಸಾಗಿ ರಿಜಿಸ್ಟ್ರೇಷನ್ನೂ ರಿನ್ಯೂ ಆಯ್ತು, ಇನ್ನು ಐದು ವರ್ಷ ಗಾಡಿ ನಿಶ್ಚಿಂತೆಯಿಂದ ಮುಂಬೈ ರೋಡಲ್ಲಿ ಓಡಾಡಬಹುದು. ಒಬ್ಬೊಬ್ಬರಿಗೇ ಫೋನ್ ಮಾಡಿ ಥ್ಯಾಂಕ್ಸ್ ಹೇಳೋಕೆ ಹೋದ್ರೆ ನಂಗೆ ಮಾತೇ ಹೊರಡಲ್ಲ, ಗಂಟಲು ಕಟ್ಟತ್ತೆ, ಅದಕ್ಕೆ ಇಲ್ಲಿ ಬರೀತಿದ್ದೀನಿ, ಉದ್ದ ಆದ್ರೂ ದಯವಿಟ್ಟು ಓದಿ, ಇದರಲ್ಲಿ ನಿಮ್ಮಲ್ಲೇ ಸುಮಾರು ಜನ ಇದ್ದೀರಿ.

ಮೊದಲೇ ಹೇಳ್ಬಿಡ್ತೀನಿ, ಬಣ್ಣ ಹಚ್ಚಿದವರ ಋಣ ಇದ್ದೇ ಇದೆ, ಆದ್ರೆ ಅದಕ್ಕಿಂತ ದೊಡ್ಡ ಋಣ "ಈಗಲೇ ಬಣ್ಣ ಬೇಡ, ತಡೀರಿ" ಅಂತ ಮತ್ತೆ ಮತ್ತೆ ಹೇಳಿದವರದ್ದು.

ಗೊತ್ತಿಲ್ಲದವರಿಗೆ ಸ್ವಲ್ಪ ಹಿನ್ನೆಲೆ. ಗಾಡಿ 1986ನೇ ಮಾಡೆಲ್ ಪ್ರೀಮಿಯರ್ ಪದ್ಮಿನಿ, ಅಪ್ಪ ಹೋಟೆಲ್ ನಡೆಸ್ತಿದ್ದಾಗ ತಗೊಂಡಿದ್ದು. ಸ್ಟೀರಿಂಗ್ ಪಕ್ಕದಲ್ಲೇ ಗೇರು, 1089 ಸಿಸಿ ಇಂಜಿನ್. ಕಲೀನಾದಲ್ಲಿರೋ ನಮ್ಮ ಮನೆಗೂ ಈ ಗಾಡಿ ಹುಟ್ಟಿದ ಕುರ್ಲಾ ಫ್ಯಾಕ್ಟರಿಗೂ ಎಷ್ಟು ದೂರ ಹೇಳಿ, ಪಕ್ಕದ ಊರೇ ಅನ್ನಿ. ವಾಲ್‌ಚಂದ್ ಹೀರಾಚಂದ್ 1944ರಲ್ಲಿ ಶುರು ಮಾಡಿದ ಪ್ರೀಮಿಯರ್ ಕಂಪನಿ 1964ರಿಂದ ಫಿಯೆಟ್ 1100 ಡಿಲೈಟ್ ಅಂತ ಮಾಡ್ತಿದ್ದ ಗಾಡೀನೇ 1974ರಲ್ಲಿ ಪದ್ಮಿನಿ ಅನ್ನೋ ಹೆಸರು ತಗೊಂಡಿದ್ದು. ಈಗ ಅಲ್ಲಿ ಫ್ಯಾಕ್ಟರಿ ಇಲ್ಲ, ಪ್ರೀಮಿಯರ್ ರೋಡ್ ಅಂತ ಹೆಸರು ಮಾತ್ರ ಉಳ್ಕೊಂಡಿದೆ. ಅಪ್ಪ ಬೆಳಗಿನ ಜಾವ ದಾದರ್ ಮಾರ್ಕೆಟ್‌ಗೆ ಹೋಗಿ ಕೊತ್ತಂಬರಿ, ಕರಿಬೇವು, ತೊಂಡೆಕಾಯಿ, ನೀರು ಸೋರೋ ಗೋಣಿಚೀಲ ಎಲ್ಲಾ ಇದೇ ಡಿಕ್ಕೀಲಿ ತುಂಬ್ಕೊಂಡು ಬರ್ತಿದ್ರು, ನಮ್ಮ ಮೂರೂ ಜನರ ಸ್ಕೂಲು ಕಾಲೇಜು ಫೀಸು ಆ ಡಿಕ್ಕಿಯಿಂದಲೇ ಹುಟ್ಟಿದ್ದು ಅಂದ್ರೆ ತಪ್ಪಿಲ್ಲ.

ಹೆಚ್ಚು ಹಾಳಾಗಿದ್ದು 2005ರಲ್ಲಿ. ಜುಲೈ 26ರ ಮಳೆ ಮುಂಬೈಯವರಿಗೆ ಯಾರೂ ನೆನಪಿಸಬೇಕಾಗಿಲ್ಲ, ಸಾಂತಾಕ್ರೂಜ್‌ನಲ್ಲಿ 24 ಗಂಟೇಲಿ 944 ಮಿಲಿಮೀಟರ್, ಮೀಠಿ ನದಿ ಉಕ್ಕಿ ನಮ್ಮ ಗಲ್ಲಿಗೇ ಬಂತು, ಗಾಡಿ ಸೀಟಿನ ಮಟ್ಟಕ್ಕೆ ಮುಳುಗಿ ನಿಂತಿತ್ತು. ನೀರು ಇಳಿದ್ಮೇಲೆ ಡಿಕ್ಕಿ ತುಂಬಾ ರಾಡಿ. ಆಗ ಒಂದು ಗ್ಯಾರೇಜಿನವರು ತೊಳೆದು, ಲಂಬಿ (ತಗ್ಗು ತೂತು ಮುಚ್ಚೋ ಪುಟ್ಟಿ) ಮೆತ್ತಿ, ಮೇಲೆ ಬಣ್ಣ ಹೊಡೆದು ಫಳಫಳ ಮಾಡಿ ಕೊಟ್ರು, ಅಪ್ಪನೂ ಖುಷಿಯಾಗಿ ದುಡ್ಡು ಕೊಟ್ಟು ಬಂದ್ರು. ತಳದಲ್ಲಿ ನೀರು ಹೋಗೋಕೆ ಅಂತ ಇರೋ ತೂತುಗಳನ್ನೂ ಲಂಬೀಲೇ ಮುಚ್ಚಿಬಿಟ್ಟಿದ್ರು ಅನ್ನೋದು ನಮಗೆ ಗೊತ್ತಾಗಿದ್ದು ಈಗ. ಅಂದ್ರೆ ಅವತ್ತಿಂದ ಒಳಗೆ ಹೋದ ನೀರಿಗೆ ಹೊರಗೆ ಬರೋ ದಾರಿನೇ ಇರಲಿಲ್ಲ.

2023ರ ಅಕ್ಟೋಬರ್ 30ಕ್ಕೆ ಮುಂಬೈಯ ಪದ್ಮಿನಿ ಕಾಲಿ-ಪೀಲಿ (ಕಪ್ಪು-ಹಳದಿ) ಟ್ಯಾಕ್ಸಿಗಳ ಕಾಲ ಮುಗೀತಲ್ಲ, 2003ರಲ್ಲಿ ರಿಜಿಸ್ಟರ್ ಆದ ಕೊನೇ ಟ್ಯಾಕ್ಸಿಗೆ 20 ವರ್ಷ ತುಂಬಿತು ಅಂತ, ಟಿವೀಲಿ ಅದನ್ನ ನೋಡ್ತಾ ನೋಡ್ತಾ ಅಪ್ಪ ಅರ್ಧ ಊಟಕ್ಕೇ ಎದ್ದು ಕೈ ತೊಳ್ಕೊಂಡ್ರು. ಆ 20 ವರ್ಷದ ನಿಯಮ ಟ್ಯಾಕ್ಸಿಗಳದ್ದು, ನಮ್ಮಂಥ ಪ್ರೈವೇಟ್ ಗಾಡಿಗೆ ಕಂಡೀಷನ್ ಚೆನ್ನಾಗಿದ್ರೆ ರಿನ್ಯೂ ಮಾಡಿಸ್ಕೊಳ್ಳಬಹುದು. ನಮ್ಮದನ್ನ ಹೇಗಾದ್ರೂ ಉಳಿಸ್ಲೇಬೇಕು ಅಂತ ನಾನು ಅವತ್ತೇ ಡಿಸೈಡ್ ಮಾಡ್ಬಿಟ್ಟೆ.

ಈಗ ಥ್ಯಾಂಕ್ಸ್. ಮೊದಲು ಕುರ್ಲಾದಲ್ಲಿ ಗಾಡಿ ತಗಡಿನ ಕೆಲಸ ಮಾಡೋ ನಮ್ಮ ಟಿಂಕರ್ ಚಾಚಾಗೆ.

ಡಿಕ್ಕಿ ಮೂಲೇಲಿ ಬಣ್ಣ ಗುಳ್ಳೆ ಎದ್ದಿತ್ತು, ಅಷ್ಟೇ ಕಾಣ್ತಿತ್ತು. ಚಾಚಾ ಜೇಬಿಂದ ಒಂದು ಸಣ್ಣ ಮ್ಯಾಗ್ನೆಟ್ ತೆಗೆದು ತಳದ ಉದ್ದಕ್ಕೂ ಇಟ್ಟು ನೋಡ್ತಾ ಬಂದ್ರು, ಕೆಲವು ಕಡೆ ಗಟ್ಟಿ ಹಿಡೀತು, ಕೆಲವು ಕಡೆ ಹಾಗೇ ಜಾರಿ ಬಿತ್ತು, ಅಂದ್ರೆ ಅಲ್ಲೆಲ್ಲ ಬರೀ ಲಂಬಿ. ಆಮೇಲೆ ಸ್ಕ್ರೂಡ್ರೈವರ್ ಹಿಡೀಲಿ ತಟ್ಟಿದ್ರು, ಗಟ್ಟಿ ಪತ್ರಾ (ಕಬ್ಬಿಣದ ತಗಡು) ಟಣ್ ಅನ್ನತ್ತೆ, ಸತ್ತ ಪತ್ರಾ ಬೊದ್ ಅನ್ನತ್ತೆ. ಸ್ಟೆಪ್ನಿ ಇಡೋ ಜಾಗದಲ್ಲಿ ಲಂಬಿ ಎಬ್ಬಿಸಿದ್ರೆ ಕೆಳಗಿನ ಪತ್ರಾ ಹಪ್ಪಳದ ಹಾಗೆ ಪುಡಿಯಾಗಿ ಕೈಗೆ ಬಂತು, ಕೆಳಗೆ ರೋಡು ಕಾಣ್ತಿತ್ತು. ತುಕ್ಕಾದ ಕಬ್ಬಿಣ ಮೊದಲಿಗಿಂತ ಎಷ್ಟೋ ಪಟ್ಟು ಜಾಗ ತಗೊಳ್ಳತ್ತಂತೆ, ಅದು ಒಳಗಿಂದ ಒತ್ತಿ ಒತ್ತಿ ಬಣ್ಣ ಎಬ್ಬಿಸತ್ತೆ, ಹಾಗಾಗಿ ಹೊರಗೆ ಒಂದು ಗುಳ್ಳೆ ಕಂಡ್ರೆ ಒಳಗೆ ಅಂಗೈ ಅಗಲ ಹೋಗಿರತ್ತೆ ಅಂತ ಲೆಕ್ಕ. ನಾನು ಆಸೆಯಿಂದ ಕೇಳಿದೆ, ಇದನ್ನ ಉಜ್ಜಿ ಕೆಮಿಕಲ್ ಹಾಕಿದ್ರೆ ಆಗಲ್ವಾ ಅಂತ. ಚಾಚಾ ಹೇಳಿದ್ದು ಒಂದೇ ಮಾತು, "ಪೆಹಲೇ ಸಾಫ್ ಪತ್ರಾ, ಬಾದ್ ಮೇ ರಂಗ್", ಅಂದ್ರೆ ಮೊದಲು ಪತ್ರಾ ಕ್ಲೀನ್ ಆಗ್ಬೇಕು, ಬಣ್ಣ ಆಮೇಲೆ. ಮೇಲ್ಮೈ ತುಕ್ಕಿಗೆ ಉಜ್ಜೋದು, ತೂತು ಬಿದ್ದಿದ್ದಕ್ಕೆ ಕತ್ತರಿಸೋದು, ಇದು ಬಿಟ್ಟು ಮೂರನೇ ದಾರಿ ಇಲ್ಲ ಅಂದ್ರು.

ಬ್ಯಾಟರಿ ಬಿಚ್ಚಿ, ಪೆಟ್ರೋಲ್ ಟ್ಯಾಂಕ್ ಹಿಂದೇನೇ ಇರೋದ್ರಿಂದ ಅದನ್ನೂ ಖಾಲಿ ಮಾಡಿ ಇಳಿಸಿ, ಆಮೇಲೇ ಗ್ರೈಂಡರ್ ಮುಟ್ಟಿದ್ರು. ತುಕ್ಕು ಎಲ್ಲಿ ಮುಗಿಯತ್ತೋ ಅಲ್ಲಿಂದ ಎರಡು ಬೆರಳು ಒಳಗೆ, ಬೆಳ್ಳಗೆ ಹೊಳೆಯೋ ಕಬ್ಬಿಣ ಸಿಗೋ ತನಕ ಕತ್ತರಿಸಿದ್ರು. ರೆಡಿಮೇಡ್ ತಳ ಎಲ್ಲಿ ಸಿಗತ್ತೆ ಈ ಗಾಡಿಗೆ, ಸಿಎಸ್‌ಟಿ ರೋಡಿನ ಅಂಗಡಿಗಳೆಲ್ಲ ಸುತ್ತಿದ್ರೂ ಸಿಗಲಿಲ್ಲ. 20 ಗೇಜ್ ಶೀಟ್ ತಂದು ಚಾಚಾ ಕೈಯಲ್ಲೇ ಬಡಿದು ಮಾಡಿದ್ರು, ತಳದಲ್ಲಿ ಉದ್ದುದ್ದ ಉಬ್ಬು ಗೆರೆಗಳಿರತ್ತಲ್ಲ, ಪತ್ರಾಗೆ ಬಿಗಿ ಬರೋದೇ ಅದರಿಂದ, ಆ ಗೆರೆಗಳನ್ನ ಕಟ್ಟಿಗೆ ಅಚ್ಚು ಇಟ್ಟು ಸುತ್ತಿಗೇಲಿ ತಟ್ಟಿ ತಟ್ಟಿ ಹಳೇ ಗೆರೆಗೆ ಹೊಸ ಗೆರೆ ಸೇರೋ ಹಾಗೆ ತಂದ್ರು ನೋಡಿ, ನಾನು ಪಕ್ಕದಲ್ಲಿ ನಿಂತು ನೋಡ್ತಾನೇ ಇದ್ದೆ, ಆ ಕೈಗೆ ಯಾವ ಬೆಲೆ ಕಟ್ಟೋದು. ವೆಲ್ಡಿಂಗ್ ಒಂದೇ ಗೆರೆಯಾಗಿ ಎಳೀಲಿಲ್ಲ, ಇಲ್ಲೊಂದು ಚುಕ್ಕೆ ಅಲ್ಲೊಂದು ಚುಕ್ಕೆ, ಮಧ್ಯೆ ಆರೋಕೆ ಬಿಟ್ಟು, ಇಲ್ಲಾಂದ್ರೆ ಬಿಸಿಗೆ ಶೀಟು ಡೊಂಕಾಗತ್ತೆ. ಮುಚ್ಚಿದ್ದ ನೀರಿನ ತೂತುಗಳನ್ನೂ ಒಂದೊಂದಾಗಿ ತೆರೆದು ಕೊಟ್ರು.

ಎರಡನೇ ಥ್ಯಾಂಕ್ಸ್ ನಮ್ಮ ಬಿಲ್ಡಿಂಗಿನ ಮೂರನೇ ಮಾಳಿಗೆ ಮಾವನಿಗೆ. ಕುಂದಾಪುರದ ಕಡೆಯವರು, ಮಝಗಾಂವ್ ಡಾಕ್‌ನಲ್ಲಿ ಹಡಗುಗಳ ಪೇಂಟಿಂಗ್ ಸೆಕ್ಷನ್ನಲ್ಲಿ ಇದ್ದು ರಿಟೈರ್ ಆದವರು. ಸಂಜೆ ವಾಕಿಂಗ್‌ಗೆ ಇಳಿದವರು ಡಿಕ್ಕೀಲಿ ಬೆರಳಾಡಿಸಿ, "ಇದನ್ನ ಒಳ್ಳೇ ನೀರಲ್ಲಿ ತೊಳೆದ್ರೇನೋ?" ಅಂತ ಕೇಳಿದ್ರು. ಕಬ್ಬಿಣಕ್ಕೆ ನೀರಾ ಅಂತ ನಾವೆಲ್ಲ ಮುಖ ಮುಖ ನೋಡ್ಕೊಂಡ್ವಿ. ಮಾವ ಕೂತು ಬಿಡಿಸಿ ಹೇಳಿದ್ರು: ಸಮುದ್ರದ ಗಾಳಿಯಿಂದ ಬಂದ ಉಪ್ಪು ತುಕ್ಕಿನ ಗುಳಿಗಳಲ್ಲಿ ಕೂತಿರತ್ತೆ, ಕಣ್ಣಿಗೆ ಕಾಣಲ್ಲ, ಬ್ರಶ್ಶಿಗೂ ಬರಲ್ಲ, ಅದರ ಮೇಲೆ ಎಷ್ಟೇ ಕಾಸ್ಟ್ಲಿ ಪೇಂಟ್ ಹೊಡೆದ್ರೂ ಆ ಉಪ್ಪು ಪೇಂಟಿನ ಪದರದ ಮೂಲಕ ತೇವ ಎಳ್ಕೊಂಡು ಮತ್ತೆ ಗುಳ್ಳೆ ಎಬ್ಬಿಸತ್ತೆ, ಹಡಗಿಗೆ ಬಣ್ಣ ಹಚ್ಚೋ ಮುಂಚೆ ಸಿಹಿನೀರಲ್ಲಿ ತೊಳೆಯೋದು ಅದಕ್ಕೇ. ಹಾಗೇ ಮಾಡಿದ್ವಿ. ವೈರ್ ಬ್ರಶ್, 80 ನಂಬರ್ ಉಜ್ಜೋ ಪೇಪರ್, ಆಮೇಲೆ ತೊಳೆಯೋದು, ಹೀಟ್ ಗನ್‌ನಲ್ಲಿ ಒಣಗಿಸೋದು. ಬ್ರಶ್ ಹೋಗದ ಮೂಲೆಗಳಿಗೆ ಫಾಸ್ಫಾರಿಕ್ ಆಸಿಡ್ ಇರೋ ರಸ್ಟ್ ಕನ್ವರ್ಟರ್, ಅದು ಉಳಿದ ತುಕ್ಕನ್ನ ಕಬ್ಬಿಣದ ಫಾಸ್ಫೇಟ್ ಮಾಡತ್ತೆ, ಹೆಚ್ಚಾದ ಆಸಿಡ್ ಬಿಡದೆ ಮತ್ತೆ ತೊಳೀಬೇಕು, ಅದನ್ನೂ ಮಾವನೇ ನಿಂತು ಮಾಡಿಸಿದ್ರು. ಅವರಿಗೆ ಮಂಡಿ ನೋವು, ಆದ್ರೂ ಸ್ಟೂಲ್ ಹಾಕ್ಕೊಂಡು ಕೂತಿದ್ರು. ಮಾವ, ನಿಮ್ಮ ನಲವತ್ತು ವರ್ಷದ ವಿದ್ಯೆನ ಒಂದು ಹಳೇ ಫಿಯೆಟ್‌ಗೆ ಧಾರೆ ಎರೆದ್ರಿ, ನಾನು ಮರೆಯಲ್ಲ.

ಪೇಂಟರ್ ಭಾಯಿಗೆ ಬೇರೆಯೇ ಥ್ಯಾಂಕ್ಸ್ ಹೇಳ್ಬೇಕು, ಯಾಕಂದ್ರೆ ಬರೋ ದುಡ್ಡನ್ನ ಬೇಡ ಅಂದವರು ಅವರು. ಮಳೆಗಾಲದಲ್ಲಿ ಕೆಲಸ ಕಮ್ಮಿ ಇದ್ರೂ ಕಲರ್ ಕೋಟ್ ಮಾತ್ರ ಹೊಡೆಯಲ್ಲ ಅಂತ ಖಡಾಖಂಡಿತ ಹೇಳಿದ್ರು. ಥಿನ್ನರ್ ಆರೋವಾಗ ಶೀಟು ತಣ್ಣಗಾಗತ್ತೆ, ಗಾಳೀಲಿರೋ ತೇವ ಅದರ ಮೇಲೆ ಕೂರತ್ತೆ, ಬಣ್ಣ ಮಂಜು ಮಂಜಾಗತ್ತೆ. ಬರೀ ಕಬ್ಬಿಣನ ರಾತ್ರಿ ಹಾಗೇ ಬಿಟ್ರೆ ಬೆಳಿಗ್ಗೆಗೆ ಕೇಸರಿ ತುಕ್ಕು ಕೂತಿರತ್ತೆ ಅಂತ, ಒಂದು ಬಿಸಿಲು ಬಿದ್ದ ದಿನ ನೋಡ್ಕೊಂಡು ಒಣಗಿಸಿದ ದಿನವೇ ಎಪಾಕ್ಸಿ ಪ್ರೈಮರ್ (ಬಣ್ಣದ ಕೆಳಗಿನ ಮೊದಲ ಪದರ) ಹೊಡೆದು ಜೋಡಣೆಗಳಿಗೆ ಸೀಲರ್ ತುಂಬಿ ಇಟ್ರು. ದಸರಾ ಕಳೆದ್ಮೇಲೆ ಬಂದು ಮೇಲ್ಮೈ ಸಮ ಮಾಡೋ ಸರ್ಫೇಸರ್, 400, 800 ನಂಬರ್ ನೀರಿನ ಪೇಪರ್‌ನಲ್ಲಿ ಘಿಸಾಯಿ (ಉಜ್ಜೋದು), ಆಮೇಲೆ ಪಿಯು (ಪಾಲಿಯುರೆಥೇನ್) ಬಣ್ಣ. ಬಣ್ಣ ಮ್ಯಾಚ್ ಮಾಡಿದ್ದು ಡಿಕ್ಕಿ ಹಿಂಜಿನ ಹಿಂದೆ, ಬಿಸಿಲು ಬೀಳದ ಜಾಗದಲ್ಲಿ ಉಳಿದಿದ್ದ ಅಸಲಿ ಫ್ಯಾಕ್ಟರಿ ನೀಲಿಗೆ, ಅಷ್ಟು ವರ್ಷ ಆದ್ಮೇಲೆ ಆ ನೀಲಿ ನೋಡಿ ಅಪ್ಪ "ಹಾಂ, ಇದೇ, ಇದೇ" ಅಂದ್ರು. ಪಿಯು ಹಾರ್ಡನರ್‌ನಲ್ಲಿರೋ ಐಸೋಸೈನೇಟ್ ಶ್ವಾಸಕೋಶಕ್ಕೆ ತುಂಬಾ ಕೆಟ್ಟದ್ದು, ಕರ್ಚೀಫ್ ಕಟ್ಕೊಂಡು ಸ್ಪ್ರೇ ಮಾಡೋಕೆ ಮಾವ ಬಿಡಲೇ ಇಲ್ಲ, ನಾಗದೇವಿ ಸ್ಟ್ರೀಟಿಂದ ಒಳ್ಳೇ ರೆಸ್ಪಿರೇಟರ್ ತಂದ್ವಿ, ಅದು ಈಗ ಭಾಯಿ ಹತ್ರಾನೇ ಇದೆ, ಅವರು ದಿನಾ ಹಾಕ್ಕೊಳ್ತಾರೆ ಅಂತ ಕೇಳಿ ನಂಗೆ ಬಣ್ಣಕ್ಕಿಂತ ಹೆಚ್ಚು ಸಮಾಧಾನ.

ಡಿಕ್ಕಿ ರಬ್ಬರ್ ಒಪೆರಾ ಹೌಸ್ ಹತ್ರ ಹುಡುಕಿ ತಂದುಕೊಟ್ಟ ನನ್ನ ಆಫೀಸ್ ಫ್ರೆಂಡ್‌ಗೆ ಥ್ಯಾಂಕ್ಸ್. ಪಕ್ಕದ ಮನೆ ಕಾಲೇಜ್ ಹುಡುಗ ಟಾರ್ಚ್ ಹಿಡ್ಕೊಂಡು ಡಿಕ್ಕಿ ಒಳಗೆ ಮಲಗಿದ, ನಾನು ಕೀ ಕೈಯಲ್ಲೇ ಹಿಡ್ಕೊಂಡು ಹೊರಗಿಂದ ಪೈಪಲ್ಲಿ ನೀರು ಬಿಟ್ಟೆ, ಎಡಗಡೆ ಮೂಲೇಲಿ ಹನಿ ಬರ್ತಿದೆ ಅಂತ ಒಳಗಿಂದ ಕೂಗಿದ, ರಬ್ಬರಿಗೆ ಚಾಕ್ ಪುಡಿ ಹಚ್ಚಿ ಮುಚ್ಚಿ ತೆಗೆದ್ರೆ ಪುಡಿ ಎಲ್ಲಿ ಅಂಟಿಲ್ವೋ ಅಲ್ಲಿ ರಬ್ಬರ್ ತಾಗ್ತಿಲ್ಲ ಅಂತ ಸಿಕ್ಕಿಬಿತ್ತು, ಹಿಂಜ್ ಸ್ವಲ್ಪ ಅಡ್ಜಸ್ಟ್ ಮಾಡಿದ್ಮೇಲೆ ಒಂದು ಹನಿಯೂ ಇಲ್ಲ. ಗ್ರೈಂಡರ್ ಸದ್ದು ಸಹಿಸ್ಕೊಂಡ ಸೊಸೈಟಿಯವರಿಗೆಲ್ಲ, ಅದರಲ್ಲೂ ಕಂಪ್ಲೇಂಟ್ ಬಂದಾಗ ನಮ್ಮ ಪರ ಮಾತಾಡಿದ ಸೆಕ್ರೆಟರಿ ಆಂಟಿಗೆ ನಮಸ್ಕಾರ. ಅಮ್ಮ ಹಳೇ ಕಾಟನ್ ಸೀರೆಗಳನ್ನ ಒರೆಸೋಕೆ ಕೊಟ್ಟಿದ್ದಲ್ದೆ ಚಾಚಾಗೂ ಭಾಯಿಗೂ ದಿನಾ ನೀರ್‌ದೋಸೆ ಕಳಿಸಿದ್ದು, ಚಾಚಾ ಮನೆಯವರು ಈಗ ಅದರ ಅಳತೆ ಬರ್ಕೊಂಡು ಹೋಗಿದ್ದಾರೆ.

ಡಿಕ್ಕಿ ಒಳಗಿನ ಟೊಳ್ಳು ಜಾಗಗಳಿಗೆ ತುಕ್ಕು ತಡೆಯೋ ಕ್ಯಾವಿಟಿ ವ್ಯಾಕ್ಸ್ ಹೊಡೆದಾಗಿದೆ, ಪ್ರತಿ ಮಳೆಗಾಲದ ಮುಂಚೆ ನೀರಿನ ತೂತು ಚೆಕ್ ಮಾಡೋ ಡ್ಯೂಟಿ ಅಪ್ಪನೇ ತಗೊಂಡಿದ್ದಾರೆ.

20 ಗೇಜ್ ಶೀಟ್ ಅರ್ಧ ಉಳಿದಿದೆ, ಸೀಲ್ ಒಡೆಯದ ಒಂದು ಎಪಾಕ್ಸಿ ಪ್ರೈಮರ್ ಸೆಟ್ ಇದೆ, ನೀರಿನ ಪೇಪರ್ ಬೇಕಾದಷ್ಟಿದೆ. ಹಳೇ ಗಾಡಿ ಇಟ್ಕೊಂಡಿರೋ ನಮ್ಮ ಕನ್ನಡದವರು ಯಾರಿಗಾದ್ರೂ ಬೇಕಿದ್ರೆ ಕಲೀನಾಗೆ ಬಂದು ಫ್ರೀಯಾಗಿ ತಗೊಂಡ್ಹೋಗಿ. ಚಾಚಾನ ಕೇಳಿದ್ದೀನಿ, ಭಾನುವಾರ ಬಂದು ನಿಮ್ಮ ಗಾಡಿಗೂ ಮ್ಯಾಗ್ನೆಟ್ ಇಟ್ಟು ನೋಡಿ ಹೇಳ್ತಾರೆ. ಕೆಲಸ ಕೊಟ್ರೆ ದಯವಿಟ್ಟು ಅವರ ಹತ್ರ ಚೌಕಾಸಿ ಮಾಡ್ಬೇಡಿ, ಅರ್ಜೆಂಟ್ ಅಂತಾನೂ ಹೇಳ್ಬೇಡಿ.