ಆಟ ಬಿಟ್ಟು ಬರೆಯಲು ಕೂತ ಮಗಳಿಗೊಂದು ಪತ್ರ

ಪ್ರೀತಿಯ ಪುಟ್ಟಿಗೆ, ಅಪ್ಪ ಮಾಡುವ ಆಶೀರ್ವಾದಗಳು.

ಕಳಿಸಿದ ಪುಟಗಳನ್ನು ಓದಿದೆ. ಮಂಡಿ ಕೈಕೊಟ್ಟು ಕಬಡ್ಡಿ ಬಿಟ್ಟವಳು ಪೆನ್ನು ಹಿಡಿದದ್ದು ನನಗೆ ದೊಡ್ಡ ಸಂತೋಷ. ಆದರೆ ಮುಕ್ಕಾಲು ಪಾಲು ಪದಕ, ಸ್ಕೋರು, ಧನ್ಯವಾದಗಳಿಗೇ ಹೋಗಿದೆ. ಅದೆಲ್ಲ ಪೇಪರಿನಲ್ಲಿ ಬಂದಾಗಿದೆ. ಓದುವವರಿಗೆ ಬೇಕಿರುವುದು ಮ್ಯಾಟ್ ಮೇಲಿನ ಆ ಮೂವತ್ತು ಸೆಕೆಂಡು.

ಒಂದೇ ಒಂದು ರೈಡ್ ತಗೋ, ಎದುರಾಳಿಯ ಅಂಕಣಕ್ಕೆ ನುಗ್ಗುವ ಒಂದು ಸರದಿ. ಹಿಂದಿನ ಎರಡು ರೈಡ್ ಅಂಕವಿಲ್ಲದೆ ಖಾಲಿ ಹೋಗಿ ಇದು ಡೂ ಆರ್ ಡೈ, ಈ ಸಲ ಅಂಕ ತರದಿದ್ದರೆ ನೀನೇ ಔಟ್. ಎದುರಿಗೆ ಆರು ಜನ, ಅಂದರೆ ಬೋನಸ್ ಅಂಕಕ್ಕೆ ಅವಕಾಶ ಉಂಟು. ಒಂದು ಕಾಲು ಬೋನಸ್ ಗೆರೆ ದಾಟಬೇಕು, ಹಿಂದಿನ ಕಾಲು ಆಗ ನೆಲ ಬಿಟ್ಟಿರಬೇಕು. ಮೈಭಾರವೆಲ್ಲ ಒಂಟಿಕಾಲಿನ ಮೇಲಿರುವ ಆ ಗಳಿಗೆಗೇ ಕಾಯುತ್ತಿದ್ದ ಕಾರ್ನರ್ ಆಟಗಾರ್ತಿ, ಅಂದರೆ ಸಾಲಿನ ತುದಿಯಲ್ಲಿ ನಿಂತವಳು, ನಿನ್ನ ಪಾದದ ಗಂಟಿಗೆ ಕೈ ಹಾಕುವುದು. ಅದಕ್ಕೂ ಮುಂಚೆ ಅವಳ ಕಣ್ಣು ಎಲ್ಲಿತ್ತು, ಭುಜ ಯಾವ ಕಡೆ ಬಾಗಿತು, ‘ಕಬಡ್ಡಿ’ಯ ಯಾವ ಅಕ್ಷರದಲ್ಲಿ ನಿನ್ನ ಉಸಿರು ತಡವರಿಸಿತು? ಟೀವಿ ಕಾಮೆಂಟರಿಯವರು ಇದನ್ನು ಹೇಳಲಾರರು. ಇನ್ನೂರು ಪದದಲ್ಲಿ ಬರಿ. ‘ಅದ್ಭುತ’, ‘ರೋಚಕ’ ಎಂದು ಬಂದಲ್ಲೆಲ್ಲ ಹೊಡೆದುಹಾಕು. ಆ ಜಾಗದಲ್ಲಿ ನೀನು ನೋಡುವುದನ್ನು ಬಿಟ್ಟಿರುತ್ತೀ. ಮೈಯ ನೆನಪು ಬೇಗ ಮಾಸುತ್ತದೆ, ಹಾಗಾಗಿ ಇದು ಮೊದಲು. ಇಸವಿ, ಅಂಕಗಳನ್ನು ಆಮೇಲೆ ಸ್ಕೋರ್ ಶೀಟ್ ನೋಡಿ ತುಂಬಿಸಬಹುದು.

ನಿನ್ನ ಹಾಗೇ ಆಟ ಬಿಟ್ಟು ಬರೆಯಲು ಕೂತವರು ಬ್ರಿಟನ್ನಿನ ಡಿಕ್ ಫ್ರಾನ್ಸಿಸ್, 1953-54ರ ಚಾಂಪಿಯನ್ ಜಾಕಿ (ರೇಸ್ ಕುದುರೆಯ ಸವಾರ). 1956ರ ಗ್ರ್ಯಾಂಡ್ ನ್ಯಾಷನಲ್ ಕುದುರೆ ರೇಸಿನಲ್ಲಿ ಅವರು ಸವಾರಿ ಮಾಡುತ್ತಿದ್ದ, ಎಲಿಜಬೆತ್ ರಾಣಿಯ ತಾಯಿಯವರ ಕುದುರೆ ಡೆವನ್ ಲಾಕ್ ಇನ್ನೇನು ಗೆದ್ದೇಬಿಟ್ಟಿತು ಎನ್ನುವಾಗ ಕುಸಿಯಿತು. ಮರುವರ್ಷ ಸವಾರಿ ಬಿಟ್ಟರು, ಆತ್ಮಕಥೆ ಬಂತು. ಸಂಡೇ ಎಕ್ಸ್‌ಪ್ರೆಸ್ ಪತ್ರಿಕೆಗೆ 16 ವರ್ಷ ರೇಸಿನ ಬಗ್ಗೆ ಬರೆದರು. ಮೊದಲ ಕಾದಂಬರಿ ಬಂದದ್ದು 1962ರಲ್ಲಿ! ನಡುವಿನ ಐದು ವರ್ಷ ಗಡುವಿಗೆ, ಕೊಟ್ಟಷ್ಟೇ ಜಾಗಕ್ಕೆ ಬರೆದದ್ದೇ ಅವರ ತಾಲೀಮು ಎಂದು ನನ್ನ ಎಣಿಕೆ. ನೀನೂ ಜಿಲ್ಲಾ ಪತ್ರಿಕೆಯೊಂದಕ್ಕೆ ಪಂದ್ಯದ ವರದಿಯಿಂದ ಶುರುಮಾಡು.

ಅವರಿಂದ ಕಲಿಯಬೇಕಾದ್ದು ಇನ್ನೊಂದಿದೆ. ಕುದುರೆಲಾಯದ ಜತೆಗೆ ವಿಮಾನ, ಫೋಟೋ, ಬ್ಯಾಂಕು ಎಂದು ಬೇರೆಬೇರೆ ಕಸುಬುಗಳನ್ನು ಕಾದಂಬರಿಗೆ ತಂದರು. ಹೆಂಡತಿ ಮೇರಿ ಅದಕ್ಕಾಗಿ ವಿಮಾನ ಹಾರಿಸುವುದನ್ನೇ ಕಲಿತರು. ಸ್ವಂತ ಆಟದ ಸರಕು ಒಂದೆರಡು ಪುಸ್ತಕಕ್ಕೆ ತೀರಿಹೋಗುತ್ತದೆ. ಫಿಸಿಯೋ, ಅಂಪೈರ್, ಮ್ಯಾಟ್ ಹಾಸುವವರ ಹತ್ತಿರ ಹೋಗಿ ಕೂತು ಕೇಳು.

ದುಡ್ಡಿನ ಮಾತು. ಕನ್ನಡದಲ್ಲಿ ಮೊದಲ ಮುದ್ರಣ ಸಾಮಾನ್ಯವಾಗಿ 1000 ಪ್ರತಿ ದಾಟುವುದಿಲ್ಲ. ಗೌರವಧನ ಶೇ. 10 ಎಂದಿಟ್ಟುಕೊಂಡರೆ, 200 ರೂಪಾಯಿಯ ಪುಸ್ತಕ ಪೂರ್ತಿ ಖರ್ಚಾದರೂ ಕೈಗೆ 20,000. ಸ್ಪೋರ್ಟ್ಸ್ ಕೋಟಾದ ನೌಕರಿ ಬಿಡುವ ಯೋಚನೆ ಈಗ ಬೇಡ. ಸಂಭಾವನೆ ಪಡೆಯಲು ಅನುಮತಿ ಬೇಕೇ ಎಂದು ಕಚೇರಿಯಲ್ಲಿ ಬರವಣಿಗೆಯಲ್ಲೇ ಕೇಳು. ಹಳೆಯ ತಂಡದ ಒಪ್ಪಂದದಲ್ಲಿ ಗೋಪ್ಯತೆಯ ಷರತ್ತು ಇದೆಯೇ ನೋಡು. ಜತೆಗಾತಿಯರ ಗಾಯ, ಸಂಬಳ, ಮನೆಯ ಕಷ್ಟಗಳನ್ನು ಅವರನ್ನು ಕೇಳದೆ ಬರೆಯಬೇಡ, ಅಧ್ಯಾಯ ಎಷ್ಟೇ ಚೆನ್ನಾಗಿ ಬಂದಿರಲಿ.

‘ನೀವು ಹೇಳಿ ಮೇಡಂ, ನಾವು ಬರೆಸ್ತೀವಿ’ ಎಂದು ಯಾರಾದರೂ ಬಂದರೆ ಒಪ್ಪಬೇಡ. ಪುಸ್ತಕವೇನೋ ಬೇಗ ಬರುತ್ತದೆ, ಎರಡನೆಯದನ್ನು ಬರೆಯಲು ನಿನ್ನ ಕೈ ಮಾತ್ರ ಪಳಗಿರುವುದಿಲ್ಲ. ತಿದ್ದಲು ಒಳ್ಳೆಯ ಸಂಪಾದಕರು ಸಿಕ್ಕರೆ ಬಿಡಬೇಡ. ಅವರು ಪುಟಗಟ್ಟಲೆ ಹೊಡೆದುಹಾಕಿದರೂ ಏಕೆಂದು ಕೇಳಿ ತಿಳಿದುಕೋ.

ಇಂತು,
ನಿನ್ನ ಅಪ್ಪ