ತಾಳಮದ್ದಳೆಯ ದಾಖಲೀಕರಣದಲ್ಲಿ ಮೈಕ್‌ಗೆ ಮೊದಲ ಸ್ಥಾನ ಸಿಗಲಿ

ಮಾನ್ಯ ಸಂಪಾದಕರೇ,

ಮೇ ಕೊನೆಯ ಪತ್ತನಾಜೆ ಕಳೆದು ಯಕ್ಷಗಾನ ಮೇಳಗಳು ತಿರುಗಾಟ ಮುಗಿಸಿದ ಮೇಲೆ ಕರಾವಳಿಯ ದೇವಸ್ಥಾನಗಳಲ್ಲಿ, ಊರಿನ ಸಭಾಭವನಗಳಲ್ಲಿ ತಾಳಮದ್ದಳೆಗಳು ಸಾಲುಸಾಲಾಗಿ ನಡೆಯುತ್ತವೆ. ಅವುಗಳಲ್ಲಿ ಎಷ್ಟೋ ಕೂಟಗಳು ಈಗ ವಿಡಿಯೊ ರೂಪದಲ್ಲಿ ಯೂಟ್ಯೂಬ್ ಸೇರುತ್ತಿವೆ. ಮುಂಬೈ, ದುಬೈಗಳಲ್ಲಿರುವ ನಮ್ಮವರಿಗೂ, ಅರ್ಥಗಾರಿಕೆ (ಪದ್ಯದ ಅರ್ಥವನ್ನು ಪಾತ್ರವಾಗಿ ಮಾತಿನಲ್ಲಿ ವಿಸ್ತರಿಸುವ ಕಲೆ) ಕಲಿಯಬಯಸುವ ಕಿರಿಯರಿಗೂ ಇದರಿಂದ ಆಗುತ್ತಿರುವ ಉಪಕಾರ ದೊಡ್ಡದು. ಆದರೆ ಇಂಥ ಹಲವು ವಿಡಿಯೊಗಳಲ್ಲಿ ಚಿತ್ರ ಸ್ವಚ್ಛವಾಗಿದ್ದರೂ ಮಾತು ಅಸ್ಪಷ್ಟ. ವೇಷವಿಲ್ಲದ, ಕುಣಿತವಿಲ್ಲದ, ಹಾಡು ಮತ್ತು ಮಾತನ್ನೇ ಸಂಪೂರ್ಣವಾಗಿ ನೆಚ್ಚಿಕೊಂಡಿರುವ ಕಲೆಯೊಂದರಲ್ಲಿ ವಾಲಿ ರಾಮನಿಗೆ ಹಾಕಿದ ಪ್ರಶ್ನೆಯೇ ಕೇಳಿಸದಿದ್ದರೆ ಆ ದಾಖಲೆಯಿಂದ ಉಳಿಯುವುದೇನು? ಸಂಘಟಕರು ಹೊಸ ಕ್ಯಾಮೆರಾಕ್ಕೆ ಕೊಡುವ ಗಮನದ ಒಂದು ಪಾಲನ್ನಾದರೂ ಮೈಕ್‌ಗೆ ಕೊಡಬೇಕೆಂದು ಕೋರಿ ಈ ಪತ್ರ ಬರೆಯುತ್ತಿದ್ದೇನೆ.

ತೊಂದರೆಯ ಮೂಲ ಮೈಕ್‌ನ ಬೆಲೆಗಿಂತ ಹೆಚ್ಚಾಗಿ ಅದರ ದೂರದಲ್ಲಿದೆ. ದೂರ ಇಮ್ಮಡಿಯಾದಾಗಲೆಲ್ಲ ಬಾಯಿಂದ ನೇರವಾಗಿ ಬರುವ ಧ್ವನಿಯ ಮಟ್ಟ 6 ಡೆಸಿಬೆಲ್‌ನಷ್ಟು ಇಳಿಯುತ್ತದೆ. ಅರ್ಥಧಾರಿಯ ಬಾಯಿಂದ 30 ಸೆಂಟಿಮೀಟರ್ ದೂರದ ಮೈಕ್‌ಗೂ ಸಭೆಯ ಹಿಂದೆ 10 ಮೀಟರ್ ಆಚೆ ನಿಲ್ಲಿಸಿದ ಮೊಬೈಲ್‌ಗೂ ನಡುವೆ ಹೀಗೆ ಸುಮಾರು 30 ಡೆಸಿಬೆಲ್ ಅಂತರ ಬೀಳುತ್ತದೆ. ಗೋಡೆಗೆ ಬಡಿದು ಮರಳುವ ಪ್ರತಿಧ್ವನಿ, ಫ್ಯಾನಿನ ಸದ್ದು, ತಗಡಿನ ಮಾಡಿನ ಮೇಲೆ ಸುರಿಯುವ ಆಷಾಢದ ಮಳೆ ಮಾತ್ರ ಸಭೆಯ ಎಲ್ಲ ಕಡೆ ಹೆಚ್ಚುಕಡಿಮೆ ಒಂದೇ ಮಟ್ಟದಲ್ಲಿರುತ್ತವೆ. ಧ್ವನಿವರ್ಧಕದ ಪೆಟ್ಟಿಗೆಯಿಂದ ಬರುವುದನ್ನು ಮೊಬೈಲ್ ಹಿಡಿಯುತ್ತದಲ್ಲ ಎಂದು ಕೆಲವರು ಹೇಳಬಹುದು. ಆಗಲೂ ಅದಕ್ಕೆ ಸಿಗುವುದು ಸಭೆಯ ಗದ್ದಲದೊಳಗೆ ಕಲಸಿಹೋದ ಧ್ವನಿಯೇ. ಕ್ಯಾಮೆರಾದ ತಲೆಯ ಮೇಲೆ ಉದ್ದನೆಯ ಶಾಟ್‌ಗನ್ ಮೈಕ್ ಕೂರಿಸಿದರೆ ದೂರದ ಮಾತು ಹತ್ತಿರವಾಗುತ್ತದೆಂಬ ನಂಬಿಕೆಯೂ ಸರಿಯಲ್ಲ. ಲೆನ್ಸ್ ಮಾಡುವಂತೆ ಅದು ದೂರದ್ದನ್ನು ಎಳೆದು ತರುವುದಿಲ್ಲ, ಅಕ್ಕಪಕ್ಕದ ಸದ್ದನ್ನು ತಗ್ಗಿಸುತ್ತದೆ ಅಷ್ಟೇ. ಪ್ರತಿಧ್ವನಿ ಹೆಚ್ಚಿರುವ ಒಳಾಂಗಣದಲ್ಲಿ ಆ ಲಾಭವೂ ಕುಂದುತ್ತದೆ.

ಸಂತೋಷದ ಸಂಗತಿಯೆಂದರೆ ತಾಳಮದ್ದಳೆಯಲ್ಲಿ ಪ್ರತಿಯೊಬ್ಬ ಅರ್ಥಧಾರಿಯ ಮುಂದೆ ಮೊದಲೇ ಒಂದು ಮೈಕ್ ಇರುತ್ತದೆ. ಸಾಮಾನ್ಯವಾಗಿ ಅದು ಎದುರಿನ ಧ್ವನಿಯನ್ನು ಹೆಚ್ಚಾಗಿ, ಹಿಂದಿನದನ್ನು ಕಡಿಮೆಯಾಗಿ ಹಿಡಿಯುವ ಕಾರ್ಡಿಯಾಯ್ಡ್ ಬಗೆಯ ಡೈನಾಮಿಕ್ ಮೈಕ್ ಆಗಿದ್ದು, ಮಳೆಯ ಸದ್ದಿನ ನಡುವೆ ಹತ್ತಿರದ ಮಾತನ್ನು ಹಿಡಿಯಲು ಅದಕ್ಕಿಂತ ಉತ್ತಮವಾದುದು ಸುಲಭದಲ್ಲಿ ಸಿಗಲಾರದು. ಮೈಕ್‌ನವರ ಮಿಕ್ಸರ್‌ನಿಂದ ಒಂದು ತಂತಿಯನ್ನು ಪ್ರತ್ಯೇಕ ರೆಕಾರ್ಡರ್‌ಗೆ ಎಳೆದುಕೊಂಡರೆ ಅರ್ಧಕ್ಕಿಂತ ಹೆಚ್ಚು ಕೆಲಸ ಮುಗಿಯಿತು. ಎಚ್ಚರ ವಹಿಸಬೇಕಾದದ್ದು ಒಂದಿದೆ: ಮಿಕ್ಸರ್‌ನಿಂದ ಹೊರಬರುವುದು ಲೈನ್ ಮಟ್ಟದ ಸಂಕೇತ, ಮೈಕ್‌ನಿಂದ ಬರುವುದಕ್ಕಿಂತ ಬಹಳ ಪ್ರಬಲವಾದದ್ದು, ಅದನ್ನು ಕ್ಯಾಮೆರಾದ ಮೈಕ್ ತೂತಿಗೆ ನೇರವಾಗಿ ಚುಚ್ಚಿದರೆ ಧ್ವನಿ ಒಡೆಯುತ್ತದೆ, ಮತ್ತು ಹಾಗೆ ಒಡೆದದ್ದನ್ನು ಸಂಕಲನದಲ್ಲಿ ಮೊದಲಿನಂತೆ ಮಾಡಲಾಗದು.

ಮಿಕ್ಸರ್‌ನ ಧ್ವನಿ ಒಂದೇ ಸಾಲದು. ಚೆಂಡೆ ತಾನಾಗಿಯೇ ಸಭೆಗೆಲ್ಲ ಕೇಳುವುದರಿಂದ ಮೈಕ್‌ನವರು ಅದಕ್ಕೆ ಹೆಚ್ಚು ಮಟ್ಟ ಕೊಟ್ಟಿರುವುದಿಲ್ಲ, ಸಭಿಕರ ಚಪ್ಪಾಳೆ, ನಗು ಅಲ್ಲಿಗೆ ಮುಟ್ಟಿಯೇ ಇರುವುದಿಲ್ಲ. ಇದಕ್ಕಾಗಿ ಸಭೆಯಲ್ಲಿ ಸಣ್ಣ ಸದ್ದನ್ನೂ ಸೂಕ್ಷ್ಮವಾಗಿ ಹಿಡಿಯುವ ಕಂಡೆನ್ಸರ್ ಬಗೆಯ ಇನ್ನೊಂದು ಮೈಕ್ ಇಟ್ಟು, ಅದರ ಧ್ವನಿಯನ್ನು ಬೇರೆ ಟ್ರ್ಯಾಕ್‌ನಲ್ಲಿ ಮುದ್ರಿಸಿಕೊಂಡು, ಆಮೇಲೆ ಹದವಾಗಿ ಬೆರೆಸಬೇಕು. ಧ್ವನಿ ಸೆಕೆಂಡಿಗೆ ಸುಮಾರು 340 ಮೀಟರ್ ಸಾಗುವುದರಿಂದ 17 ಮೀಟರ್ ಹಿಂದಿರುವ ಮೈಕ್‌ಗೆ ಅದು ತಲುಪುವುದು ಸೆಕೆಂಡಿನ 20ನೇ ಒಂದು ಭಾಗದಷ್ಟು ತಡವಾಗಿ. ಎರಡನ್ನೂ ಹೊಂದಿಸದೆ ಬೆರೆಸಿದರೆ ಮಾತು ಇಬ್ಬಗೆಯಾಗಿ ಕೇಳುತ್ತದೆ. ಆರಂಭದಲ್ಲಿ ವೇದಿಕೆಯ ಮೇಲೆ ಕ್ಯಾಮೆರಾಕ್ಕೆ ಕಾಣುವಂತೆ ಒಂದು ಚಪ್ಪಾಳೆ ತಟ್ಟಿಸಿಕೊಂಡರೆ ಚಿತ್ರವನ್ನೂ ಟ್ರ್ಯಾಕ್‌ಗಳನ್ನೂ ಅದಕ್ಕೇ ಜೋಡಿಸಬಹುದು.

ರೆಕಾರ್ಡರ್ ತಾನಾಗಿಯೇ ಮಟ್ಟವನ್ನು ಏರಿಳಿಸುವ ಸ್ವಯಂಚಾಲಿತ ಧ್ವನಿಮಟ್ಟದ ಬಗ್ಗೆ ಪ್ರತ್ಯೇಕವಾಗಿ ಹೇಳಲೇಬೇಕು, ಏಕೆಂದರೆ ನಮ್ಮ ಕಲೆಗೆ ಅದರಷ್ಟು ಹಾನಿ ಮಾಡುವುದು ಬೇರೊಂದಿಲ್ಲ. ಏರುಪದ್ಯಕ್ಕೆ (ಆವೇಶದ ಪದ್ಯಕ್ಕೆ) ಚೆಂಡೆ ಬಿದ್ದ ಕೂಡಲೇ ಯಂತ್ರ ಮಟ್ಟವನ್ನು ತಗ್ಗಿಸುತ್ತದೆ. ಪದ್ಯ ನಿಂತು ಅರ್ಥಧಾರಿ ಬಾಯಿ ತೆರೆದಾಗ ಅದಿನ್ನೂ ತಗ್ಗಿದ ಸ್ಥಿತಿಯಲ್ಲೇ ಇರುವುದರಿಂದ, ಹಲವು ಸಲ ಇಡೀ ವಾದದ ಕೀಲಿಕೈಯಾಗಿರುವ ಮೊದಲ ಮಾತು ನುಂಗಿಹೋಗುತ್ತದೆ. ಆಮೇಲೆ ಕಲಾವಿದ ಬೇಕೆಂದೇ ಹಿಡಿದ ಮೌನದಲ್ಲಿ ಅದೇ ಯಂತ್ರ ಮಟ್ಟವನ್ನು ಏರಿಸಿ ಫ್ಯಾನಿನ ಗೊರಗೊರವನ್ನು ತುಂಬುತ್ತದೆ. ಆ ಸೌಲಭ್ಯವನ್ನು ಆಫ್ ಮಾಡಿ, ಸಾಮಾನ್ಯ ಮಾತು ಮಾಪಕದಲ್ಲಿ ಮೈನಸ್ 18 ಡೆಸಿಬೆಲ್‌ನ ಆಸುಪಾಸಿನಲ್ಲೂ ಚೆಂಡೆಯ ಅತಿ ಜೋರಿನ ಪೆಟ್ಟು ಸೊನ್ನೆಗಿಂತ ಸಾಕಷ್ಟು ಕೆಳಗೂ ನಿಲ್ಲುವಂತೆ ಕೈಯಲ್ಲೇ ಹೊಂದಿಸಬೇಕು. 24 ಬಿಟ್‌ನಲ್ಲಿ ಮುದ್ರಿಸಿದರೆ ಹೀಗೆ ತಗ್ಗಿಸಿಟ್ಟದ್ದನ್ನು ನಂತರ ಏರಿಸಿಕೊಂಡರೂ ನಷ್ಟವಿಲ್ಲ. ಕಾರ್ಯಕ್ರಮದುದ್ದಕ್ಕೂ ಒಬ್ಬರು ಹೆಡ್‌ಫೋನ್ ಹಾಕಿ ಕೇಳುತ್ತಿರಬೇಕು; ಕಣ್ಣಿಗೆ ಮಾಪಕ ಸರಿಯಾಗಿ ಕಂಡರೂ ತಂತಿಯ ಗುಂಯ್‌ಗುಡುವಿಕೆ ತಿಳಿಯುವುದು ಕಿವಿಗೆ ಮಾತ್ರ.

ಕಲಾವಿದರ ಸಂದರ್ಶನಕ್ಕೆ ಕಾಲರ್ ಮೈಕ್ ಸಾಕು. 1962ರಲ್ಲಿ ಅಮೆರಿಕದ ಬೆಲ್ ಪ್ರಯೋಗಾಲಯದಲ್ಲಿ ಜೇಮ್ಸ್ ವೆಸ್ಟ್ ಮತ್ತು ಗೆರ್ಹಾರ್ಡ್ ಸೆಸ್ಲರ್ ರೂಪಿಸಿದ ಎಲೆಕ್ಟ್ರೆಟ್ ಮೈಕ್‌ನಿಂದಾಗಿ ಇಂಥ ಪುಟ್ಟ ಮೈಕ್‌ಗಳು ಇಂದು ಕಡಿಮೆ ಬೆಲೆಗೆ ದೊರೆಯುತ್ತಿವೆ. ಗಲ್ಲದಿಂದ ಒಂದು ಗೇಣು ಕೆಳಗೆ, ಶಾಲು ಉಜ್ಜದಂತೆ ಸಿಕ್ಕಿಸಿದರಾಯಿತು.

ಸಂಘಟಕರಲ್ಲಿ ಮತ್ತು ದಾಖಲೀಕರಣಕ್ಕೆ ಅನುದಾನ ನೀಡುವ ಸಂಸ್ಥೆಗಳಲ್ಲಿ ನನ್ನ ವಿನಂತಿ ಇಷ್ಟು: ಖರ್ಚಿನ ಪಟ್ಟಿಯಲ್ಲಿ ರೆಕಾರ್ಡರ್‌ಗೂ ಅದನ್ನು ನೋಡಿಕೊಳ್ಳುವವರ ಸಂಭಾವನೆಗೂ ಪ್ರತ್ಯೇಕ ಮೊತ್ತ ತೆಗೆದಿಡಬೇಕು, ಕಾರ್ಯಕ್ರಮಕ್ಕೆ ಒಂದು ಗಂಟೆ ಮೊದಲೇ ಮೈಕ್‌ನವರೊಡನೆ ಮಾತನಾಡಿ ಹಿಮ್ಮೇಳ ಸಹಿತ ಪರೀಕ್ಷೆ ಮಾಡಿಕೊಳ್ಳಬೇಕು. ಯೂಟ್ಯೂಬ್‌ಗೆ ಏರಿಸಿದ ಮೇಲೂ ಮೂಲ ಧ್ವನಿಮುದ್ರಿಕೆಯನ್ನು ಸಂಕುಚಿಸದೆ, ದಿನಾಂಕ, ಸ್ಥಳ, ಪ್ರಸಂಗ ಹಾಗೂ ಭಾಗವತರಿಂದ ಹಿಡಿದು ಚಕ್ರತಾಳದವರವರೆಗೆ ಎಲ್ಲ ಕಲಾವಿದರ ಹೆಸರಿನೊಂದಿಗೆ ಕನಿಷ್ಠ ಎರಡು ಕಡೆ ಕಾಪಿಡಬೇಕು.

– ತಾಳಮದ್ದಳೆಯ ಕೇಳುಗ, ಪುತ್ತೂರು